ನೀಲಿ ರಟ್ಟಿನ ನೋಟ್‌ಬುಕ್ಕು

ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಯಾವುದೋ ಪಂಪಿನ ಬೆಲ್ಟು ಕಿತ್ತುಕೊಂಡಿತ್ತಂತೆ. ಆ ಬೋಳು ಬೆರಳೊಂದರಲ್ಲೇ ಕೀಲಿ ಕುಟ್ಟುತ್ತ ಹಜೀರಾದ ನಮ್ಮ ಕಾರ್ಖಾನೆಯ ಲಿನಕ್ಸ್ ಕಂಪ್ಯೂಟರ್ ಯಂತ್ರಗಳನ್ನೆಲ್ಲ ಆಳುತ್ತಿದ್ದರು. ಧಾರವಾಡದವರು, ನನ್ನ ಮೇಲಧಿಕಾರಿ. ನಾವು ವಾಸವಿದ್ದ ಅಡಾಜಣ್‌ನಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ.

ಅವರದೊಂದು ಹಟ. ಯಂತ್ರ ಮುಟ್ಟುವ ಮುಂಚೆ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ತಾರೀಖು, ಯಾವ ಯಂತ್ರ, ಏನು ಬದಲಾವಣೆ, ಯಾರು ಮಾಡಿದ್ದು, ಇಷ್ಟೂ ಬರೆಯಬೇಕು. "ಮೊದ್ಲ ಬರಿ, ಆಮ್ಯಾಲೆ ಮುಟ್ಟು, ತಮ್ಮಾ." ನನಗದು ಅಜ್ಜಿಯ ಮಡಿಯಂತೆ ಕಾಣುತ್ತಿತ್ತು.

ಒಂದು ಶನಿವಾರ ಅನಿಲದ ಒತ್ತಡ ದಾಖಲಿಸುವ ಯಂತ್ರದ ಕೇಬಲ್ ಬದಲಿಸಿ, ಬರೆದು, ಸಹಿ ಹಾಕಿ ಅವರು ಬೇಗ ಹೊರಟರು. ಸಂಜೆ ಆ ಯಂತ್ರ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಲಾಗಿನ್ ಪರದೆಗೇ ಮರಳತೊಡಗಿತು. ಅವರು ಕಲಿಸಿದ್ದು ನೆನಪಾಯಿತು: "ಬಾಗಲಾ ಬಡೀಬ್ಯಾಡ, ಒಳಗ ಜಾಗಾ ಐತೇನ್ ನೋಡು." ಡಿಸ್ಕ್ ತುಂಬಿತ್ತು. ಬೇಡದ ಕಡತ ಅಳಿಸಿದೆ, ಲಾಗಿನ್ ಆಯಿತು. ಅಲ್ಲಿಗೇ ನಿಲ್ಲಿಸಿದ್ದರೆ! ಜಾಣತನ ನೆತ್ತಿಗೇರಿತ್ತು. ಕರೆಂಟು ಉಳಿಯಲಿ ಎಂದು, ಯಾರೂ ಮುಟ್ಟದಿದ್ದಾಗ ಯಂತ್ರ ತಾನೇ ನಿದ್ರೆಗೆ ಜಾರುವಂತೆ ಮಾಡಿಟ್ಟೆ. ನೋಟ್‌ಬುಕ್ ತೆರೆಯಲೇ ಇಲ್ಲ.

ಮಲಗಿದ ಯಂತ್ರ ಏಳಲಿಲ್ಲ. ಸೋಮವಾರ ಪರದೆ ಕಪ್ಪಗಿತ್ತು; ಭಾನುವಾರದ ದಾಖಲೆ ಇರಲೇ ಇಲ್ಲ. ಮ್ಯಾನೇಜರ್ "ಕಿಸ್ನೆ ಕಿಯಾ?", ಯಾರು ಮಾಡಿದ್ದೆಂದು ಗುಡುಗಿ ನೋಟ್‌ಬುಕ್ ತೆರೆದರು. ಕೊನೆಯ ಸಹಿ ನನ್ನ ಮೇಲಧಿಕಾರಿಯದು. ನನ್ನದಿನ್ನೂ ಪ್ರೊಬೇಷನ್, ಬಾಯಿಗೆ ಬೀಗ ಜಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಅವರು ಯಂತ್ರವನ್ನು ಮತ್ತೆ ಚಾಲೂ ಮಾಡಿ, ಆ ಬೋಳು ಬೆರಳಿನಿಂದ ಸೆಟ್ಟಿಂಗ್ ತೆಗೆದು ನೋಡಿದರು. ನನ್ನನ್ನೊಮ್ಮೆ ನೋಡಿದರು. "ಗಲ್ತಿ ಮೇರಿ ಹೈ, ಸಾಹೇಬ್" ಎಂದು ತಪ್ಪನ್ನು ತಮ್ಮ ತಲೆಗೇ ಹಾಕಿಕೊಂಡರು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಆ ವಾರವೇ ಅವರ ಕೆಲಸ ಹೋಯಿತು. ಕೊನೆಯ ದಿನ ಬಸ್ಸಿನಲ್ಲಿ "ಸರ್, ಅದು ನಾನು..." ಎಂದೆ.

"ನನಗ ಹೇಳಿ ಏನ್ ಮಾಡ್ತಿ? ಹೇಳೂದಿದ್ರ ಅಲ್ಲೇ ಹೇಳಬೇಕಿತ್ತು" ಎಂದು ಕಿಟಕಿಯ ಕಡೆ ತಿರುಗಿದರು.

ವಡೋದರದ ಅಂಗಡಿಯೊಂದರಲ್ಲಿ ಮಾನಿಟರ್ ರಿಪೇರಿ ಮಾಡಿಕೊಂಡಿದ್ದವರು ಎರಡು ವರ್ಷದಲ್ಲೇ ತೀರಿಕೊಂಡರು. ಅಷ್ಟರಲ್ಲಿ ಅವರ ಕುರ್ಚಿ ನನ್ನದಾಗಿತ್ತು, ನೋಟ್‌ಬುಕ್ಕೂ. ಆ ಪುಟ ತೆಗೆಯುವ ಧೈರ್ಯ ಮಾತ್ರ ಬಂದಿರಲಿಲ್ಲ. ಸಾವಿನ ಸುದ್ದಿ ಬಂದ ದಿನ ತೆಗೆದೆ. ಆ ಶನಿವಾರದ ತಾರೀಖು, ಯಂತ್ರ, ನಿದ್ರೆಯ ಸೆಟ್ಟಿಂಗ್, ಎಲ್ಲವನ್ನೂ ಕೆಲಸ ಬಿಟ್ಟುಹೋಗುವ ಮುಂಚೆ ಅವರೇ ಬರೆದಿಟ್ಟಿದ್ದರು. 'ಯಾರು ಮಾಡಿದ್ದು' ಎಂಬಲ್ಲಿ ಮಾತ್ರ ನನಗಾಗಿ ಜಾಗ ಬಿಟ್ಟಿದ್ದರು.

ಪೆನ್ನು ತೆಗೆದುಕೊಂಡು ಕೂತೆ. ಆ ಜಾಗ ಇವತ್ತಿಗೂ ಖಾಲಿ ಇದೆ.