ಮಡಚಿದ ತೋಳಿನ ಅಂಗಿ

ಬೀದಿಯವರಿಗೆಲ್ಲ ಆಕೆ ಇಸ್ತ್ರಿ ಅಕ್ಕ. ಇಸ್ತ್ರಿ ಮಾಡುವ ಸ್ತ್ರೀ ಎಂದು ಬಿಡಿಸಿ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಎಂಟಡಿ ಅಂಗಡಿ, ಸುಟ್ಟ ಕಲೆಗಳ ಕಂಬಳಿ ಹೊದ್ದ ಮೇಜು, ಚಿಮುಕಿಸಲು ಒಂದು ಚೊಂಬು ನೀರು, ಗೋಡೆಗೆ ಒರಗಿದ ಬಟ್ಟೆಯ ಗಂಟುಗಳು. ಯಾವ ಗಂಟು ಯಾರದೆಂದು ಗುರುತಿಸಲು ಆಕೆಗೆ ಚೀಟಿ ಬೇಕಿರಲಿಲ್ಲ. ಕುರ್ಚಿಯಲ್ಲಿ ಕೂರುವವರ ಅಂಗಿ ಬೆನ್ನಿನ ಕೆಳಗೆ ಸುಕ್ಕಾಗುತ್ತದೆ, ಬಸ್ಸಿನಲ್ಲಿ ನೇತಾಡುವವರದು ಕಂಕುಳಲ್ಲಿ.

ಬಟ್ಟೆಯನ್ನು ಇಷ್ಟು ಚೆನ್ನಾಗಿ ಓದುತ್ತಿದ್ದವಳು ಮನುಷ್ಯರ ವಿಷಯದಲ್ಲಿ ಒಬ್ಬರನ್ನೇ ನೋಡಿ ಬರೆದುಕೊಂಡಳು. ಅವರು ಚರ್ಚಿನ ಸಭೆಯ ಪಾಸ್ಟರಮ್ಮ. ಅವರು ಹಾಡಿನ ಪುಸ್ತಕ ಎಡಗೈಯಲ್ಲಿ ಹಿಡಿದರೆ ಇವಳೂ ಎಡಗೈಯಲ್ಲೇ. ಅವರು ಕಣ್ಣು ಮುಚ್ಚಿದರೆ ಇವಳೂ ಮುಚ್ಚಿಕೊಂಡು, ಅವರು ತೆರೆದರೋ ಇಲ್ಲವೋ ಎಂದು ಒಂದು ಕಣ್ಣಲ್ಲಿ ಇಣುಕುತ್ತಿದ್ದಳು. ಪಕ್ಕದಲ್ಲೇ ಬೀಗ ರಿಪೇರಿ ಮಾಡುತ್ತಿದ್ದ ಗಂಡ ನಗುತ್ತಿದ್ದ. "ಅವರು ಪಾಸ್ಟರನ್ನ ಕಟ್ಟಿಕೊಂಡಿದ್ದಾರೆ ಅಂತ ನೀನು ನನ್ನ ಬದಲಾಯಿಸೋಕೆ ಹೊರಡ್ಬೇಡ ಮಾರಾಯ್ತಿ."

ಪಾಸ್ಟರಮ್ಮನ ಒಬ್ಬನೇ ಮಗ ಇಪ್ಪತ್ತನೇ ವಯಸ್ಸಿಗೆ ಹೊಳೆಯಲ್ಲಿ ಮುಳುಗಿ ಹೋದ. ಮಣ್ಣು ಮಾಡುವ ದಿನ ಅವರು ಶವಪೆಟ್ಟಿಗೆಯ ಪಕ್ಕ ನೆಟ್ಟಗೆ ನಿಂತು, ಒಂದು ಹನಿ ಕಣ್ಣೀರಿಲ್ಲದೆ ಹಾಡನ್ನು ಕೊನೆಯ ಚರಣದವರೆಗೂ ಹಾಡಿದರು. ಅಳುತ್ತಿದ್ದವರಿಗೆ ತಾವೇ ಕುರ್ಚಿ ಎಳೆದು ಕೊಟ್ಟರು. ವಿಶ್ವಾಸ ಅಂದರೆ ಇದು, ಎಂದು ಇಸ್ತ್ರಿ ಅಕ್ಕ ಮನಸ್ಸಿಗೆ ಗಂಟು ಹಾಕಿಕೊಂಡಳು.

ಆ ಗಂಟು ಬಿಚ್ಚುವ ದಿನ ನಾಲ್ಕು ವರ್ಷಕ್ಕೇ ಬಂತು. ಗಂಡ ಒಂದು ಬೀಗವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತ ಕೂತಲ್ಲೇ ಒರಗಿದ, ಏಳಲಿಲ್ಲ. ಸಮಾಧಿಯ ಬಳಿ ಹದಿನಾಲ್ಕರ ಮಗಳು "ಅಪ್ಪಾ" ಎಂದು ಬಾಯಿ ತೆರೆದದ್ದೇ ತಡ, ಇಸ್ತ್ರಿ ಅಕ್ಕ ಅವಳ ತೋಳನ್ನು ಅದುಮಿ ಹಿಡಿದಳು.

"ಶ್ಶ್. ಅಳಬೇಡ. ಎಲ್ಲಾ ನೋಡ್ತಿದ್ದಾರೆ, ಇವರಿಗೆ ದೇವರಲ್ಲಿ ವಿಶ್ವಾಸ ಇಲ್ಲ ಅಂತಾರೆ, ನಮ್ಮ ಸಾಕ್ಷಿ ಕೆಡುತ್ತೆ."

ಮಗಳು ಬಾಯಿ ಮುಚ್ಚಿದಳು. ಉಗುರಿನ ಗುರುತು ಎರಡು ದಿನ ಉಳಿಯಿತು. ತಾಯಿ ಹಾಡಿದಳು, ಕುರ್ಚಿಯನ್ನೂ ಎಳೆದು ಕೊಟ್ಟಳು. "ಥೇಟ್ ಪಾಸ್ಟರಮ್ಮನೇ" ಎಂದು ಹಿಂದೆ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಗಂಡನ ಮೇಲೆ ಮಣ್ಣು ಬೀಳುತ್ತಿದ್ದಾಗ ಆ ಮಾತಿಗೆ ಆಕೆಗೆ ಖುಷಿಯಾಯಿತು. ಇದನ್ನು ಆಕೆ ಮುಂದೆ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಅಲ್ಲಿಂದಾಚೆಗೆ ಮಗಳ ಬಾಯಲ್ಲಿ ಅಪ್ಪ ಎಂಬ ಮಾತೇ ಬರಲಿಲ್ಲ. ಓದಿದಳು, ಕೆಲಸ ಹಿಡಿದಳು, ಮದುವೆಯಾಗಿ ಊರಿನ ಆ ತುದಿಗೆ ಹೋದಳು. ಫೋನು ಮಾಡಿದರೆ "ಚೆನ್ನಾಗಿದ್ದೀನಿ, ಊಟ ಆಯ್ತು, ಇಡ್ಲಾ?" ಅಷ್ಟೇ. ಮಗಳು ಒಂದು ಸಲ ಎದುರು ಕೂತು ಅವರಪ್ಪನ ಮಾತೆತ್ತಲಿ ಎಂದು ಹದಿಮೂರು ವರ್ಷ ಕಾದಳು ತಾಯಿ. ಕೇಳುವುದು ಹೇಗೆಂದು ಮಾತ್ರ ತಿಳಿಯಲಿಲ್ಲ. ಪಾಸ್ಟರಮ್ಮ ಅದನ್ನು ತೋರಿಸಿಕೊಟ್ಟಿರಲಿಲ್ಲವಲ್ಲ.

ಹೋದ ತಿಂಗಳು ಪಾಸ್ಟರರ ಮನೆಯ ಗಂಟಿನಲ್ಲಿ ಒಂದು ನೀಲಿ ಗೆರೆಯ ಅಂಗಿ ಬಂತು. ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುವ ಮನೆಯಿಂದ ಹುಡುಗರ ಅಳತೆಯ ಅಂಗಿ. ತೋಳೆರಡೂ ಮೊಣಕೈವರೆಗೆ ಮಡಚಿದ್ದವು. ಎದೆಯ ಭಾಗ ಮುದ್ದೆಯಾಗಿತ್ತು. ಕುರ್ಚಿಯ ಸುಕ್ಕಲ್ಲ, ಬಸ್ಸಿನದೂ ಅಲ್ಲ. ಯಾರೋ ದಿನಾ ಮುಷ್ಟಿಯಲ್ಲಿ ಹಿಡಿದ ಸುಕ್ಕು. ಇಸ್ತ್ರಿ ಅಕ್ಕ ಯೋಚಿಸಲಿಲ್ಲ. ಮಡಿಕೆ ಬಿಡಿಸಿ, ನೀರು ಚಿಮುಕಿಸಿ, ತೋಳುಗಳಿಗೆ ಗೀರು ಬರುವಂತೆ ಒತ್ತಿದಳು.

ಅಷ್ಟರಲ್ಲಿ ಪಾಸ್ಟರಮ್ಮ ಎರಡು ಕಾಲಿಗೆ ಎರಡು ಥರದ ಚಪ್ಪಲಿ ಹಾಕಿಕೊಂಡು ಬಂದರು. "ನೀಲಿ ಅಂಗಿ ತಪ್ಪಿ ಬಂದಿದೆ ಕಣೇ. ಮುಟ್ಟಿಲ್ಲ ತಾನೇ?"

ಮೇಜಿನ ಮೇಲೆ ಅಂಗಿ ಹೊಸ ಕಾಗದದಂತೆ ಮಲಗಿತ್ತು. ಪಾಸ್ಟರಮ್ಮ ಅಲ್ಲೇ ಗಂಟುಗಳ ಮೇಲೆ ಕುಸಿದರು.

"ಹೊಳೆ ದಡದಲ್ಲಿ ಬಿಚ್ಚಿಟ್ಟಿದ್ದು. ಆ ತೋಳು ಅವನೇ ಮಡಚಿದ್ದು. ಹದಿನೇಳು ವರ್ಷ ಬಿಡಿಸಿರಲಿಲ್ಲ ನಾನು." ಆಮೇಲೆ ಅವರು ಅತ್ತರು, ಮುಖ ಮುಚ್ಚಿಕೊಳ್ಳದೆ, ಮೂಗು ಸೋರುವ ಹಾಗೆ. ಬಟ್ಟೆ ಕೊಡಲು ಬಂದವರು ಹಾಗೇ ಹಿಂತಿರುಗಿದರು.

"ಅಮ್ಮಾ, ನೀವು ಅವತ್ತು ಅಳಲೇ ಇಲ್ಲ."

"ಹೆದರಿಕೆ ಕಣೇ. ಸಭೆಯೆಲ್ಲ ನನ್ನ ಮುಖಾನೇ ನೋಡ್ತಿತ್ತು."

"ನಾನು ಅದನ್ನ ವಿಶ್ವಾಸ ಅಂದುಕೊಂಡೆ. ಹಾಗೇ ಮಾಡಿದೆ."

ಪಾಸ್ಟರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ನೋಡಿ ಕಲಿಯೋಕೆ ನಾನೇ ಸಿಕ್ಕಿದ್ನಾ? ಯೇಸುಸ್ವಾಮಿ ಗೆಳೆಯನ ಸಮಾಧಿ ಹತ್ರ ಎಲ್ಲರ ಮುಂದೆ ಅತ್ತರಲ್ಲೇ. ನಾನೂ ಅದನ್ನ ಓದಿದ್ದೆ, ನೀನೂ ಓದಿದ್ದೆ."

ಭಾನುವಾರ ಆರಾಧನೆ ಮುಗಿದ ಮೇಲೆ ಇಸ್ತ್ರಿ ಅಕ್ಕ ಮನೆಗೆ ಹೋಗಲಿಲ್ಲ. ಬಸ್ಸು ಹತ್ತಿ ಮಗಳ ಮನೆಗೆ ಹೋದಳು. ಬಾಗಿಲಲ್ಲೇ ಅಳು ಬಂತು. "ಅಪ್ಪನಿಗೋಸ್ಕರ ನಿನ್ನ ಅಳೋಕೆ ಬಿಡಲಿಲ್ಲ ಮಗಳೇ. ತಪ್ಪು ನಂದು."

ಮಗಳು ಕುರ್ಚಿ ಎಳೆದು ಕೊಟ್ಟಳು. ಮಡಚಿದ ಟವೆಲ್ ತಂದು ಕೈಗಿಟ್ಟಳು. "ಹಳೇದೆಲ್ಲ ಈಗ ಯಾಕಮ್ಮ. ನೀರು ಕುಡಿ."

ಆಗ ಐದು ವರ್ಷದ ಮೊಮ್ಮಗಳು ಅಂಗಳದಿಂದ ಕುಂಟುತ್ತ ಬಂದಳು. ಮಂಡಿ ತರಚಿ ರಕ್ತ ಇಳಿಯುತ್ತಿತ್ತು. ತುಟಿ ಒಳಗೆಳೆದುಕೊಂಡಿದ್ದಳು, ಸದ್ದಿಲ್ಲ.

"ನೋಡಿದ್ಯಾ," ಎಂದಳು ಮಗಳು ಹತ್ತಿ ಹುಡುಕುತ್ತ, ತುಸು ಹೆಮ್ಮೆಯಿಂದಲೇ, "ಇವಳು ಅಳೋದೇ ಇಲ್ಲ."

ಅಜ್ಜಿ ಮಗುವನ್ನು ತೊಡೆಗೆ ಎಳೆದುಕೊಂಡಳು. "ನೋವಾಗ್ತಿದೆ ತಾನೇ? ಅಳು ಕಂದ, ಪರವಾಗಿಲ್ಲ."

ಮಗುವಿನ ಗದ್ದ ನಡುಗಿತು. ಅದು ಅಮ್ಮನ ಮುಖ ನೋಡಿತು.

"ಬೇಡಮ್ಮ," ಎಂದಳು ಮಗಳು, ಮೆಲ್ಲಗೆ. "ಇದನ್ನ ಕಲಿಯೋಕೆ ನನಗೆ ಎಷ್ಟು ಕಷ್ಟ ಆಯ್ತು ಗೊತ್ತಾ? ಅವಳಿಗೆ ಈಗಲೇ ಬಂದಿದೆ. ಕೆಡಿಸಬೇಡ."

ಅವಳು ಬಗ್ಗಿ ಗಾಯಕ್ಕೆ ಹತ್ತಿ ಒತ್ತಿದಳು. ಮಗು ಉಸಿರು ಬಿಗಿಹಿಡಿದು ಕೂತಿತ್ತು. ಅಜ್ಜಿ ಇಬ್ಬರ ಪರವಾಗಿಯೂ ಅತ್ತಳು.