ಹೊಟ್ಟೆ ತುಂಬದ ಕೌದಿ

ಶಿರಸಿಯ ಬಸ್ ನಿಲ್ದಾಣದ ಹೊರಗೆ ಮೊನ್ನೆ ಒಬ್ಬಾಕೆ ಮುತ್ತುಗದ ಎಲೆಯ ಕೊಟ್ಟೆಗಳಲ್ಲಿ ಕವಳಿ ಹಣ್ಣು ಇಟ್ಟುಕೊಂಡು ಕುಳಿತಿದ್ದಳು. ಒಂದು ಕೊಟ್ಟೆ ಕೊಂಡೆ. ಮನೆಗೆ ಬರುವಷ್ಟರಲ್ಲಿ ಎಲೆ ಹರಿದು ರಸ ಬೆರಳಿಗೆಲ್ಲ ಅಂಟಿತ್ತು. ನೋಡನೋಡುತ್ತ ಕಪ್ಪಿಗೆ ತಿರುಗುವ ಆ ಕೆಂಪು, ಆ ಹುಳಿಸಿಹಿ ವಾಸನೆ... ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತಾಗ ಆಚೆಮನೆಯ ಚಿಗವ್ವ ನೆನಪಾದಳು. ಅವಳು ತೀರಿಕೊಂಡದ್ದು ಹೋದ ಮಳೆಗಾಲದಲ್ಲಿ. ಸುದ್ದಿ ತಿಳಿದಾಗ ನನಗೆ ಅಳು ಬಂದಿರಲಿಲ್ಲ. ಈಗ, ಒಂದು ಕೊಟ್ಟೆ ಹಣ್ಣಿಗೆ, ಬಂತು.

ದಾಸನಕೊಪ್ಪದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಸಂಬಂಧದಲ್ಲಿ ಅವಳು ನಮಗೆ ಏನೂ ಆಗಬೇಕಾಗಿರಲಿಲ್ಲ. ಅವ್ವನಿಗಿಂತ ಚಿಕ್ಕವಳೆಂದು ಚಿಗವ್ವ ಎನ್ನುತ್ತಿದ್ದೆವು. ಅವಳ ಗಂಡನನ್ನು ಕಾಕಾ ಎನ್ನುತ್ತಿದ್ದೆವು. ಅವನು ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಹೇರುತ್ತಿದ್ದ. ಹೆಂಡತಿಯನ್ನು ಹೊಡೆಯುತ್ತಿದ್ದ. ಕುಡಿದಾಗ ಹೊಡೆಯುತ್ತಾನೆ ಎಂದು ಊರು ಹೇಳುತ್ತಿತ್ತು. ಕುಡಿಯದಾಗಲೂ ಹೊಡೆಯುತ್ತಾನೆಂದು ಗೋಡೆಯ ಈಚೆಗಿದ್ದ ನಮಗೆ ಗೊತ್ತಿತ್ತು. ಒಮ್ಮೆ ಒಲೆಯ ಸೌದೆಯಿಂದ ಅವಳ ಎಡ ಮಣಿಕಟ್ಟು ಮುರಿದ. ಅದು ಸೊಟ್ಟಗೇ ಕೂಡಿಕೊಂಡಿತು. ಆಮೇಲೆ ಸಿಟ್ಟು ಬಂದಾಗಲೆಲ್ಲ ಅವನದು ಒಂದೇ ಮಾತು: “ಬಲಗೈ ಇನ್ನೂ ಐತಿ, ನೆನಪಿರ್ಲಿ.”

ಆ ಬಲಗೈಯಿಂದ ಅವಳು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರ, ಹರಿದ ಅಂಗಿಗಳ ಪದರ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ಹೊಲಿಗೆ. ಇರುವೆಗಳು ಸಾಲು ಹಿಡಿದು ಹೋದಂತೆ ಅವಳ ಎಳೆ ಹೋಗುತ್ತಿತ್ತು. ಸೊಟ್ಟ ಎಡಗೈಯಿಂದ ಬಟ್ಟೆಯನ್ನು ಒತ್ತಿ ಹಿಡಿದು, ಬಲಗೈಯಿಂದ ಸೂಜಿ ಓಡಿಸುವಾಗ ಅವಳ ಮುಖದಲ್ಲಿ ಬೇರೆಯದೇ ಒಂದು ನೆಮ್ಮದಿ ಇರುತ್ತಿತ್ತು. ಅಥವಾ ನಾನು ಈಗ ಅದನ್ನು ಅಲ್ಲಿಡುತ್ತಿದ್ದೇನೆಯೋ... ನೆನಪಿನಲ್ಲಿ ಮುಖಗಳನ್ನು ತಿದ್ದುವ ಚಟ ನನಗಿದೆ. ಸೂಜಿಯ ವೇಗದ ಬಗ್ಗೆ ಮಾತ್ರ ಅನುಮಾನವಿಲ್ಲ.

ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಬೇಸಿಗೆ ರಜೆಗೆ ಬಂದರೆ ಬೆಳಗಾಗುತ್ತಲೇ ಗೋಡೆಯಾಚೆಯಿಂದ ಕೂಗು ಬರುತ್ತಿತ್ತು. “ಏ ಸಾಲಿಯಾಕಿ, ಎದ್ದಿಯೇನ? ಬಿಸಲು ಏರತೈತಿ, ಬುಟ್ಟಿ ತಗೋ.” ಬಿಸಿಲು ಬಲಿಯುವ ಮೊದಲೇ ಊರ ಹಿಂದಿನ ಗುಡ್ಡ ಹತ್ತುತ್ತಿದ್ದೆವು. ಅವಳ ಸೆರಗಿನ ಗಂಟಿನಲ್ಲಿ ಉಪ್ಪುಖಾರ, ಟೊಂಕದಲ್ಲಿ ಕುಡಗೋಲು. ಕವಳಿಕಾಯಿಯನ್ನು ಉಪ್ಪುಖಾರಕ್ಕೆ ಅದ್ದಿ ತಿನ್ನುತ್ತ, ಹಣ್ಣನ್ನು ಉಡಿಗೆ ತುಂಬುತ್ತ, ನೇರಳೆ ಗಿಡದ ಕೆಳಗೆ ಕಾಲು ಚಾಚುತ್ತ... ಗುಡ್ಡದ ಮೇಲೆ ಅವಳ ದನಿಯೇ ಬೇರೆ. ಜೋರಾಗಿ ನಗುತ್ತಿದ್ದಳು. ಕವಳಿಯ ಮುಳ್ಳು ಮುಂಗೈ ಗೀರಿ ರಕ್ತ ಬಂದರೆ ನೆಕ್ಕಿಕೊಂಡು ಮುಂದಿನ ಕೊಂಬೆ ಎಳೆಯುತ್ತಿದ್ದಳು.

“ಸಾವಕಾಶ ಚಿಗವ್ವ, ಮುಳ್ಳು,” ಎಂದೆ ಒಮ್ಮೆ.

“ಮುಳ್ಳು ಹೊಡದ್ರೂ ಹಣ್ಣು ಕೊಡ್ತೈತಿ. ಮನ್ಯಾಗಿಂದು ಬರೇ ಹೊಡೀತೈತಿ,” ಎಂದು ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. “ಯಾಕ, ನಿಮ್ಮ ಯುನಿವರ್ಸಿಟ್ಯಾಗ ನಗೂದು ಕಲ್ಸೂದಿಲ್ಲೇನ?” ಎಂದು ನನ್ನ ಬೆನ್ನಿಗೆ ಗುದ್ದಿದಳು. ಅವಳ ಸೀರೆಯನ್ನು ಮುಳ್ಳು ಹರಿದರೆ ಅಲ್ಲೇ ಬಂಡೆಯ ಮೇಲೆ ಕುಳಿತು, ಮಾಂಗಲ್ಯದ ದಾರಕ್ಕೆ ಸಿಕ್ಕಿಸಿಕೊಂಡ ಸೂಜಿ ತೆಗೆದು, ಉಟ್ಟಂತೆಯೇ ಹೊಲಿದುಕೊಳ್ಳುತ್ತಿದ್ದಳು. ಹರಕು ಸೀರೆಯಲ್ಲಿ ಮನೆಗೆ ಹೋದರೆ ಕಾಕಾನ ಪ್ರಶ್ನೆಗಳು ಶುರುವಾಗುತ್ತಿದ್ದವು.

ಕೌದಿಗೆ ನಮ್ಮ ಕಡೆ ಒಂದು ಪದ್ಧತಿಯಿದೆ. ಎಲ್ಲ ಹೊಲಿದು ಮುಗಿದ ಮೇಲೆ ಒಂದು ಮೂಲೆಯನ್ನು ಬಾಯಿಯಂತೆ ತೆರೆದೇ ಬಿಡುತ್ತಾರೆ. ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಅದರೊಳಗಿಟ್ಟು ಆಮೇಲೆ ಮುಚ್ಚುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿಯನ್ನು ಯಾರೂ ಹೊದೆಯುವುದಿಲ್ಲ, ಯಾರೂ ತುಳಿಯುವುದಿಲ್ಲ.

ಆ ದಿನ ಚಿಗವ್ವನ ಅಂಗಳದ ಚಪ್ಪರದಡಿಯಲ್ಲಿ ದೊಡ್ಡ ಕೌದಿ ಹಾಸಿತ್ತು. ಬೆಳಿಗ್ಗೆ ಗುಡ್ಡಕ್ಕೆ ಹೋಗಿ ಬಂದಿದ್ದೆವು. ಉಳಿದ ಹಣ್ಣು ಚಿಗವ್ವನ ಉಡಿಯಲ್ಲೇ ಇತ್ತು. ನಾಲ್ಕು ಮೂಲೆಗೆ ನಾಲ್ವರು: ಚಿಗವ್ವ, ನಮ್ಮವ್ವ, ನಾನು, ಎದುರುಮನೆಯ ಅಜ್ಜಿ. ಊಟದ ಹೊತ್ತು ದಾಟಿತ್ತು. ಹೊಲಿಗೆ ಮುಗಿದು ಚಿಗವ್ವನ ಮೂಲೆಯೊಂದೇ ಉಳಿದಿತ್ತು. ಒಳಗಿನಿಂದ ರೊಟ್ಟಿ ತರಲು ಅವಳು ಏಳುವುದರಲ್ಲಿದ್ದಳು. ಕಾಕಾ ಬಂದ. ಕೈಯಲ್ಲಿ ದಿಮ್ಮಿ ಮೀಟುವ ಬಡಿಗೆ. ಹೆಂಡತಿ ಗುಡ್ಡದಲ್ಲಿ ನಗುತ್ತಿದ್ದಳೆಂದು ಡಿಪೋದಲ್ಲಿ ಯಾರೋ ಹೇಳಿದ್ದರಂತೆ. ಅಷ್ಟೇ ಕಾರಣ.

“ಗುಡ್ಡದಾಗ ಯಾರ ಕೂಡ ನಗತೀ? ಆ ಕೈ ಇಲ್ಲೆ ತಾ,” ಎಂದ. ಚಪ್ಪಲಿ ಕಾಲಲ್ಲೇ ಕೌದಿಯ ನಡುವಿಗೆ ಬಂದು ನಿಂತ.

ಅಜ್ಜಿ ಚೀರಿದಳು. “ಏ ಮೂಳಾ, ಕಾಲ ತಗೀ! ಇನ್ನಾ ಅದರ ಹೊಟ್ಟಿ ತುಂಬಿಸಿಲ್ಲೋ!”

ಅವನು ನಕ್ಕ. ಬಗ್ಗಿ ಚಿಗವ್ವನ ಬಲಗೈ ಹಿಡಿದೆಳೆದು ಚಪ್ಪರದ ಪಕ್ಕದ ಒರಳುಕಲ್ಲಿನ ಮೇಲೆ ಒತ್ತಿ ಹಿಡಿದ. ಬೆರಳುಗಳ ನಡುವೆ ಸೂಜಿ ಹಾಗೇ ಇತ್ತು, ದಾರ ಕೌದಿಗೆ ಜಗ್ಗುತ್ತಿತ್ತು. ಅವನ ಒಂದು ಕಾಲು ಇನ್ನೂ ಕೌದಿಯ ಮೇಲೆಯೇ. ಬಡಿಗೆ ಮೇಲೆದ್ದಿತು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಕೌದಿಯನ್ನು ಮೊದಲು ಎತ್ತಿದವಳು ಅವ್ವ ಎಂದು ನನ್ನ ಕಣ್ಣಿಗೆ ಕಟ್ಟಿದೆ. ಅವ್ವ ಇಂದಿಗೂ ಅಜ್ಜಿಯೇ ಎತ್ತಿದ್ದು ಅನ್ನುತ್ತಾಳೆ. ಅಜ್ಜಿ ಸಾಯುವವರೆಗೂ “ನಾನ ಮೊದಲ” ಎಂದು ಹೇಳಿಕೊಂಡು ತಿರುಗಿದಳು. ಯಾರೇ ಆಗಲಿ, ನಾವು ಅಂಚು ಹಿಡಿದು ಜಗ್ಗಿದೆವು, ಅವನ ಕಾಲು ತಪ್ಪಿತು. ಬೆನ್ನಡಿಯಾಗಿ ಬಿದ್ದ. ಹೊಲಿಯುವಾಗ ಮಗುಚಿ ಹಾಕಲು ಮಡಿಸುವಂತೆಯೇ ಕೌದಿಯನ್ನು ಅವನ ಮೇಲೆ ಮಡಿಸಿದೆವು. ಮೂವರೂ ಅಂಚುಗಳ ಮೇಲೆ ಕುಳಿತೆವು. ಒಳಗೆ ಅವನು ಗೂಳಿಯಂತೆ ಒದೆಯುತ್ತಿದ್ದ, ಬೈಯುತ್ತಿದ್ದ. ಬೈಗುಳ ಹತ್ತಾರು ಪದರ ಬಟ್ಟೆಯಲ್ಲಿ ಅಡಗಿಹೋಗುತ್ತಿತ್ತು. ಚಿಗವ್ವ ಬಿದ್ದ ಬಡಿಗೆ ಎತ್ತಿಕೊಂಡಳು. ಬಲಗೈಯಿಂದ.

ಹೊಡೆತದ ಸದ್ದು ನೆನಪಿದೆ. ಬಿಸಿಲಿಗೆ ಹಾಕಿದ ಹಾಸಿಗೆಯ ಧೂಳು ಕೊಡವುವಾಗ ಬರುತ್ತದಲ್ಲ, ಅದೇ ದಪ್ಪ ಸದ್ದು. ಅವಳು ಮತ್ತೆ ಮತ್ತೆ ಬಡಿಗೆ ಎತ್ತಿದಳು. ಅಳಲಿಲ್ಲ. ಕೌದಿಯೊಳಗೆ ಏನೋ ಕಟಕ್ಕೆಂದಿತು. ಬೈಗುಳ ಚೀರಾಟವಾಯಿತು, ಚೀರಾಟ ನರಳಾಟವಾಯಿತು. ನನ್ನ ಕೆಳಗೆ ಅವನ ಭುಜ ನಡುಗುವುದು ತೊಡೆಗೆ ತಾಗುತ್ತಿತ್ತು. ನಾನು ಇನ್ನಷ್ಟು ಬಲವಾಗಿ ಕೂತೆ. “ಸಾಕ ಬಿಡವಾ, ಸತ್ತಗಿತ್ತಾನು,” ಎಂದವಳು ಅವ್ವ. ಅದು ಮಾತ್ರ ಖಚಿತ. ಚಿಗವ್ವ ಬಡಿಗೆ ಕೆಳಗಿಟ್ಟು ತನ್ನ ಬಲಗೈಯನ್ನು ಹಿಂದೆಮುಂದೆ ಮಾಡಿ ನೋಡಿಕೊಂಡಳು, ಬೆರಳು ಒಂದೊಂದೇ ಮಡಿಸಿ ಬಿಡಿಸಿದಳು.

ಆ ದಿನದ ನನ್ನ ದಿನಚರಿಯಲ್ಲಿ “ತುಂಬಾ ಸೆಕೆ” ಎಂದಷ್ಟೇ ಇದೆ.

ಕಾಕಾನ ಮೊಣಕಾಲಿನ ಚಿಪ್ಪು ಒಡೆದಿತ್ತು. ನಾಲ್ಕು ಹೆಂಗಸರು ಕೌದಿಯಲ್ಲಿ ಸುತ್ತಿ ಬಡಿದರೆಂದು ಯಾವ ಗಂಡಸು ಹೇಳಿಯಾನು? ದಿಮ್ಮಿಯ ರಾಶಿಯ ಮೇಲಿಂದ ಬಿದ್ದೆ ಎಂದ. ಡಿಪೋದವರು ಮಾತಾಡಿಸಲು ಬಂದು, “ಯಾವ ರಾಶಿನೋ ಮಾರಾಯ, ಡಿಪೋ ಖಾಲಿ ಬಿದ್ದೈತಿ,” ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಅವರಿಗೆ ಚಹಾ ಕೊಟ್ಟವಳು ಚಿಗವ್ವನೇ.

ಅವನು ನಡೆಯುವಂತಾದ ಮೇಲೆ ಅಜ್ಜಿ ರೊಟ್ಟಿ ಬೆಲ್ಲ ಹಿಡಿದು ಬಂದಳು, ಕೌದಿ ಮುಗಿಸೋಣವೆಂದು. ಚಿಗವ್ವ ಒಪ್ಪಲಿಲ್ಲ.

“ಬ್ಯಾಡ ಬೇ. ಇದರ ಹೊಟ್ಟಿ ತುಂಬಿಸೂದು ಬ್ಯಾಡ. ಉಂಡದ್ದು ಮಕ್ಕೊಂತೈತಿ. ಹಸದದ್ದು ಎದ್ದ ಕುಂದರತೈತಿ.”

ಪಡಸಾಲೆಯ ಬಾಗಿಲ ಎದುರಿಗೇ ಹಗ್ಗ ಕಟ್ಟಿ ಅದನ್ನು ತೂಗುಹಾಕಿದಳು. ಒಳಗೆ ಹೋಗಬೇಕಾದರೆ ಅವನು ಅದರ ಕೆಳಗೆ ತಲೆ ಬಗ್ಗಿಸಲೇಬೇಕು, ಕುಂಟುತ್ತ. ಅವನು ಒಳ್ಳೆಯವನಾದ ಎಂದು ಬರೆಯಲಾರೆ. ತಟ್ಟೆ ಎಸೆದ ಸದ್ದು, ಹೊಲಸು ಬೈಗುಳ ಗೋಡೆಯಾಚೆಯಿಂದ ಮತ್ತೂ ಕೇಳಿದ್ದೇನೆ. ಆದರೆ ಬಲಗೈಯ ಮಾತು ಮತ್ತೆ ಅವನ ಬಾಯಿಂದ ಬರಲಿಲ್ಲ. ಬೇಸಿಗೆಗಳಲ್ಲಿ ನಾವು ಗುಡ್ಡ ಹತ್ತಿದೆವು. ಅವಳು ಎಷ್ಟೋ ಮನೆಗಳ ಕೌದಿ ಹೊಲಿದಳು, ಎಲ್ಲದರ ಹೊಟ್ಟೆ ತುಂಬಿಸಿದಳು, ಆ ಒಂದನ್ನು ಬಿಟ್ಟು.

ಕಾಕಾ ಸತ್ತ ವರ್ಷ ಮಾತಾಡಿಸಲು ಹೋಗಿದ್ದೆ. ಚಿಗವ್ವ ಮುದುಕಿಯಾಗಿದ್ದಳು. ಕೌದಿಯನ್ನು ಹಗ್ಗದಿಂದ ಇಳಿಸಿ, ಮಡಿಸಿ ನನ್ನ ತೊಡೆಯ ಮೇಲಿಟ್ಟಳು. “ಇನ್ನಾದರೂ ಹೊಟ್ಟೆ ತುಂಬಿಸೋಣೇನ ಚಿಗವ್ವ?” ಎಂದೆ.

“ಯಾಕ, ಅಂವ ಒಬ್ಬಾವನ ಇದ್ನೇನ ಊರಾಗ?” ಎಂದಳು. ನಗುತ್ತಲೇ. ಕೌದಿಯ ಮಡಿಕೆ ಸವರುತ್ತ, “ನಿನಗ ಇದರ ಕಾವಲು ಬ್ಯಾಡ ಅನಿಸಿದ ದಿನ ತುಂಬಸು,” ಎಂದಳು.

ಅವಳಿಗೆ ಮಣ್ಣು ಕೊಡಲು ನನಗೆ ಹೋಗಲಾಗಲಿಲ್ಲ, ಕೆಲಸದ ಮೇಲೆ ಕರಾವಳಿಗೆ ಇಳಿದಿದ್ದೆ, ಘಟ್ಟದಲ್ಲಿ ಗುಡ್ಡ ಕುಸಿದು ಮರಳಲು ಬಸ್ಸಿರಲಿಲ್ಲ. ಅವಳ ಬಲಗೈಯನ್ನು ಹೇಗೆ ಇಟ್ಟಿದ್ದರು ಎಂದು ಅವ್ವನನ್ನು ಕೇಳಬೇಕೆಂದುಕೊಂಡು ಇದುವರೆಗೂ ಕೇಳಿಲ್ಲ...

ಮೊನ್ನೆ ಕೈತೊಳೆದು ಕೌದಿಯನ್ನು ಕಪಾಟಿನಿಂದ ಹೊರತೆಗೆದೆ. ತೆರೆದ ಮೂಲೆಯ ಹತ್ತಿರ ಅಂಗೈಯಗಲದ ಕಪ್ಪು ಕಲೆ ಇದೆ. ಅದು ಕಾಕಾನ ರಕ್ತವೆಂದೇ ಇಷ್ಟು ವರ್ಷ ತಿಳಿದಿದ್ದೆ. ಅವ್ವನಿಗೆ ಫೋನ್ ಮಾಡಿದರೆ, “ರಕ್ತ ಎಲ್ಲೀದ, ಅಕೀ ಉಡಿಯಾಗಿನ ಕವಳಿಹಣ್ಣು ಚೆಲ್ಲಿತ್ತಲ್ಲ, ಅದರ ಮ್ಯಾಲ ಕುಂತಾಕಿ ನೀನ,” ಎಂದಳು. ಬೆರಳಿಗಂಟಿದ್ದ ರಸ ಒಣಗಿದ ಬಣ್ಣವೂ ಅದೇ ಆಗಿತ್ತು. ಎರಡೂ ಇರಬಹುದು.

ಆದರೂ ರೊಟ್ಟಿ ಬಡಿದೆ. ಬೆಲ್ಲ ಕುಟ್ಟಿದೆ. ಸೂಜಿಗೆ ದಾರ ಪೋಣಿಸಿಕೊಂಡು ಕುಳಿತೆ. ಅವಳಿಲ್ಲ, ಕಾಕಾ ಇಲ್ಲ, ಅಜ್ಜಿಯೂ ಇಲ್ಲ, ಇನ್ನು ಯಾರ ಕಾವಲಿಗೆ ಇದು ಹಸಿದಿರಬೇಕು ಎಂದುಕೊಂಡೆ. ಮೂಲೆಯ ಬಾಯಿಯಲ್ಲಿ ಕೈಯಿಟ್ಟೆ. ಒಂದು ಕೈ ಹಿಡಿಯುವಷ್ಟೇ ಜಾಗ. ಮಣಿಕಟ್ಟಿನವರೆಗೆ ಒಳಗೆ ಹೋಯಿತು, ಹಳೆಯ ಬಟ್ಟೆ ಬೆಚ್ಚಗಿತ್ತು. ಅಷ್ಟರಲ್ಲಿ ಹಿತ್ತಲಿನಾಚೆ, ಗಂಡ ಹೆಂಡತಿ ಇಬ್ಬರೇ ಇರುವ ಬಾಡಿಗೆ ಮನೆಯಲ್ಲಿ ಗಂಡಸಿನ ದನಿ ಏರಿತು. ಪಾತ್ರೆ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ನಾನು ದಾಸನಕೊಪ್ಪದ ಗೋಡೆಯ ಪಕ್ಕ ಬೇಕಾದಷ್ಟು ಕೇಳಿದ್ದೇನೆ.

ರೊಟ್ಟಿಯನ್ನು ನಾನೇ ತಿಂದೆ. ಕೌದಿಯನ್ನು ಹಿತ್ತಲಿಗೆ ಒಯ್ದು, ಆ ಮನೆಯ ಬಾಗಿಲಿಗೆ ಎದುರಾಗಿ ಹಗ್ಗದ ಮೇಲೆ ಹರವಿದೆ. ಆಮೇಲೆ ಉಳಿದ ಕವಳಿ ಹಣ್ಣನ್ನು ಬಟ್ಟಲಿಗೆ ಹಾಕಿಕೊಂಡು, ಅವರ ಬಾಗಿಲು ತಟ್ಟಲು ಹೋದೆ.