ವಾಪಸ್ ಬಂದ ಡಿಸ್ಕುಗಳು

ಎರಡು ಸಾವಿರದ ದಶಕದಲ್ಲಿ ನಾನು ಇಂದಿರಾನಗರದ ಒಂದು ವಿಡಿಯೋ ಗೇಮ್ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕಿದ್ದೆ. ಅಲ್ಲಿ ಪೈಪೋಟಿಯ ಎರಡು ಕಂಪನಿಗಳ ಕನ್ಸೋಲ್‌ಗಳಿಗೂ, ಅಂದರೆ ಟಿವಿಗೆ ಜೋಡಿಸಿ ಆಡುವ ಮಿಷನ್ನುಗಳಿಗೂ, ಗೇಮ್ ಸಿಗುತ್ತಿತ್ತು. ಕಪ್ಪು ಕನ್ಸೋಲ್ ಊರಿಗೆಲ್ಲ ಗೊತ್ತಿದ್ದದ್ದು, ಅದರ ಡಿಸ್ಕುಗಳು ಬಾಗಿಲಿಗೆ ಎದುರಾಗಿಯೇ ಇದ್ದವು. ಬಿಳಿ ಕನ್ಸೋಲ್ ಹೊಸದು. ಅದರ ಕಪಾಟು ಹಿಂದೆ, ಕಂಬದ ಮರೆಯಲ್ಲಿ. ಆ ಕಪಾಟಿಗೆಂದೇ ನನ್ನನ್ನು ಸೇರಿಸಿಕೊಂಡಿದ್ದರು.

ಆಗ ಒಂದು ಫುಟ್‌ಬಾಲ್ ಗೇಮ್ ಬಂತು. ಮಾಡಿದವರು ಆ ಎರಡೂ ಕಂಪನಿಗೆ ಸೇರದ ಮೂರನೆಯವರು. ಎರಡೂ ಕನ್ಸೋಲಿಗೆ ಬೇರೆ ಬೇರೆ ಡಿಸ್ಕ್ ಬಿಟ್ಟಿದ್ದರು. ಕವರ್ ಮೇಲೆ ಅದೇ ಆಟಗಾರ, ಅದೇ ಚೆಂಡು. ಕಪ್ಪಿನದಕ್ಕೆ ಜನ ಮುಗಿಬಿದ್ದರು. ಬಿಳಿಯದನ್ನು ಮೂಸಿ ನೋಡುವವರಿಲ್ಲ.

"ಬರೋ ವಾರ ಈ ಕಪಾಟು ತೆಗೆಸ್ಬಿಡ್ತೀನಮ್ಮ. ನೀನೂ ಬೇರೆ ಕಡೆ ಕೆಲ್ಸ ನೋಡ್ಕೋ," ಎಂದರು ಓನರ್. ನನಗೆ ಮೈಯೆಲ್ಲ ಉರಿದುಹೋಯಿತು. ಜೋಗುಪಾಳ್ಯದ ನಮ್ಮ ಮನೆ ನಡೆಯುತ್ತಿದ್ದದ್ದೇ ಈ ಕೆಲಸದಿಂದ.

ಮರುದಿನ ರಸೆಲ್ ಮಾರುಕಟ್ಟೆಯ ಹಣ್ಣಿನ ವ್ಯಾಪಾರಿ, ವಯಸ್ಸಾದವರು, ಆ ಗೇಮನ್ನು ವಾಪಸ್ ತಂದರು. "ಮೊಮ್ಮಗನ ಮಿಷನ್‌ನಲ್ಲಿ ಓಡ್ತಾನೇ ಇಲ್ಲ ಬೇಟಿ. ಡಿಸ್ಕೇ ಖರಾಬ್."

ಹೀಗೆ ವಾಪಸ್ ಬಂದ ಡಿಸ್ಕುಗಳು ಕೌಂಟರ್ ಕೆಳಗೆ ರಾಶಿ ಬಿದ್ದಿದ್ದವು. ಮಾಲೇ ಸರಿಯಿಲ್ಲವೆಂದು ಓನರ್ ಗೊಣಗುತ್ತಿದ್ದರು. ನಾನು ಸುಮ್ಮನೆ ಕೇಳಿದೆ, "ತಾತ, ಮಿಷನ್ ಯಾವ ಬಣ್ಣ?"

"ಬಿಳಿ."

ತಟ್ಟನೆ ಹೊಳೆಯಿತು. ಡಿಸ್ಕ್ ಕೆಟ್ಟಿರಲಿಲ್ಲ. ಬಿಳಿ ಕನ್ಸೋಲಿನವರು ಬಾಗಿಲಲ್ಲಿ ಕಂಡ ಕಪ್ಪಿನ ಡಿಸ್ಕನ್ನೇ ಒಯ್ದಿದ್ದರು. ಒಂದರ ಡಿಸ್ಕ್ ಇನ್ನೊಂದರಲ್ಲಿ ಓಡುವುದಿಲ್ಲ. ನನ್ನ ಗಿರಾಕಿಗಳೆಲ್ಲ ಆ ರಾಶಿಯಲ್ಲೇ ಇದ್ದರು!

ತಾತನಿಗೆ ಬಿಳಿಯ ಡಿಸ್ಕ್ ಕೊಟ್ಟು ಕಳಿಸಿದೆ. ಓನರ್ ಊಟಕ್ಕೆ ಹೋದದ್ದೇ ತಡ, ಎರಡೂ ಬಗೆಯ ಡಿಸ್ಕುಗಳನ್ನು ಬಾಗಿಲಲ್ಲಿ ಅಕ್ಕಪಕ್ಕ ಜೋಡಿಸಿದೆ. ಬಿಲ್ ಪುಸ್ತಕದಲ್ಲಿದ್ದ ನಂಬರುಗಳಿಗೆ ಫೋನ್ ಮಾಡಿ, ವಾಪಸ್ ಕೊಟ್ಟುಹೋದವರನ್ನೆಲ್ಲ ಕರೆದೆ. ಯಾರೇ ಬಂದರೂ ಮೊದಲು ಮಿಷನ್ನಿನ ಬಣ್ಣ ವಿಚಾರಿಸಿದೆ.

ಓನರ್ ಬಂದು ಮುಖ ಗಂಟಿಕ್ಕಿದರು. "ಯಾರನ್ನ ಕೇಳಿ ಮಾಡ್ದೆ ಇದನ್ನ?"

"ಗಿರಾಕಿನ ಕೇಳಿ ಮಾಡ್ದೆ ಸಾರ್."

ಭಾನುವಾರ ಸಂಜೆಗೆ ಬಿಳಿಯದು ಒಂದೂ ಉಳಿಯಲಿಲ್ಲ. ಕೊನೆಯದಕ್ಕಾಗಿ ಹಲಸೂರಿನವರೊಬ್ಬರೂ ಕೆ.ಆರ್. ಪುರದವರೊಬ್ಬರೂ ನನ್ನೆದುರೇ ಕಿತ್ತಾಡಿದರು. ನನಗಂತೂ ಅಲ್ಲೇ ಕುಣಿಯುವಷ್ಟು ಖುಷಿ. ಬಿಗುಮಾನ ಬಿಡದೆ ಬಿಲ್ ಬರೆದೆ.

ಓನರ್ ಹೋಲ್‌ಸೇಲಿನವರಿಗೆ ಫೋನ್ ಹಚ್ಚಿ, "ಬಿಳಿದು ಕಳ್ಸಿ" ಎಂದವರು, ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದರು.

"ಎಷ್ಟು ಹೇಳ್ಲಮ್ಮ?"

"ಕಪ್ಪಿಂದು ಎಷ್ಟು ತರಿಸ್ತೀರೋ ಅಷ್ಟೇ ಹೇಳಿ ಸಾರ್," ಎಂದೆ.